ಅಮೆರಿಕದ ಅಂತರ್ಯುದ್ಧದ ಚರಿತ್ರೆ ಓದುವುದು ಹೇಗೆ: ಮೊದಲು ತಾರೀಖು ನೋಡಿ

ಅಮೆರಿಕದ ಅಂತರ್ಯುದ್ಧ ಅಂದರೆ ದೇಶದ ಒಕ್ಕೂಟ ಬಿಟ್ಟು ಹೊರಹೋದ ದಕ್ಷಿಣದ ರಾಜ್ಯಗಳಿಗೂ ಒಕ್ಕೂಟದಲ್ಲೇ ಉಳಿದ ಉತ್ತರದ ರಾಜ್ಯಗಳಿಗೂ 1861ರಿಂದ 1865ರವರೆಗೆ ನಡೆದ ಯುದ್ಧ. ಅದರ ಮೇಲೆ ಸಾವಿರಾರು ಪುಸ್ತಕಗಳಿವೆ. ಹೊಸಬರು ಸಾಮಾನ್ಯವಾಗಿ ಲಿಂಕನ್ ಜೀವನಚರಿತ್ರೆಯಿಂದಲೋ ಗೆಟಿಸ್‌ಬರ್ಗ್ ಕದನದಿಂದಲೋ ಶುರು ಮಾಡುತ್ತಾರೆ. ನೂರು ಪುಟ ದಾಟುವಷ್ಟರಲ್ಲಿ ಜನರಲ್‌ಗಳ ಹೆಸರು, ರೆಜಿಮೆಂಟುಗಳ ನಂಬರು, ಹಳ್ಳ ಗುಡ್ಡಗಳ ಹೆಸರು ಎಲ್ಲ ಕಲಸುಮೇಲೋಗರ ಆಗುತ್ತದೆ. ಪುಸ್ತಕ ವಾಪಸ್ ಕಪಾಟು ಸೇರುತ್ತದೆ.

ಇನ್ನೊಂದು ತೊಡಕೂ ಇದೆ. ಗೆದ್ದವರೇ ಚರಿತ್ರೆ ಬರೆಯುತ್ತಾರೆ ಅಂತ ಹೇಳುತ್ತಾರಲ್ಲ, ಇಲ್ಲಿ ಹಾಗಾಗಲಿಲ್ಲ. ಸೋತ ದಕ್ಷಿಣದವರು ಯುದ್ಧ ಮುಗಿದ ಮರುವರ್ಷದಿಂದಲೇ ಪೆನ್ನು ಹಿಡಿದು ಕೂತರು. ತಾವು ಯಾಕೆ ಹೊಡೆದಾಡಿದೆವು ಅನ್ನುವ ಕಥೆಯನ್ನೇ ಬದಲಿಸಿ ಬರೆದರು. ಆ ಕಥೆ ಎಷ್ಟೋ ದಶಕ ಶಾಲೆಯ ಪುಸ್ತಕಗಳಲ್ಲೂ ಸಿನಿಮಾಗಳಲ್ಲೂ ಓಡಿತು. ಈಗಲೂ ಇಂಟರ್ನೆಟ್ಟಿನಲ್ಲಿ ಅರ್ಧಕ್ಕರ್ಧ ಜಗಳ ಅದರ ಮೇಲೇ.

ಹಾಗಾಗಿ ಈ ಯುದ್ಧದ ಬಗ್ಗೆ ಏನೇ ಓದಿದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಇದನ್ನು ಬರೆದದ್ದು ಯಾವಾಗ? ಗುಂಡು ಹಾರುವ ಮುಂಚೆಯೋ, ಯುದ್ಧದ ನಡುವೆಯೋ, ಎಲ್ಲ ಮುಗಿದ ಮೇಲೋ? ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಯ ಮೇಲೇ ನಿಂತಿವೆ.

1. ಒಂದು ಹಾಳೆ, ಒಂದು ನಕ್ಷೆ

ಪುಸ್ತಕ ತೆರೆಯುವ ಮುಂಚೆ ಒಂದು ಹಾಳೆಯಲ್ಲಿ ಈ ತಾರೀಖುಗಳನ್ನು ಕೈಯಲ್ಲೇ ಬರೆದುಕೊಳ್ಳಿ. ಫೋನಿನಲ್ಲಿ ಬೇಡ. ಓದುವಾಗ ಪುಸ್ತಕದ ಪಕ್ಕದಲ್ಲಿ ಬಿದ್ದಿರಬೇಕು.

- ನವೆಂಬರ್ 1860: ಲಿಂಕನ್ ಅಧ್ಯಕ್ಷರಾಗಿ ಆಯ್ಕೆ
- 20 ಡಿಸೆಂಬರ್ 1860: ಸೌತ್ ಕೆರೊಲಿನಾ ಒಕ್ಕೂಟ ಬಿಟ್ಟು ಹೊರಬಂತು
- 12 ಏಪ್ರಿಲ್ 1861: ಚಾರ್ಲ್ಸ್‌ಟನ್ ಬಂದರಿನ ಫೋರ್ಟ್ ಸಮ್ಟರ್ ಮೇಲೆ ದಕ್ಷಿಣದವರ ಫಿರಂಗಿ
- 17 ಸೆಪ್ಟೆಂಬರ್ 1862: ಆಂಟೀಟಮ್ ಕದನ
- 1 ಜನವರಿ 1863: ಗುಲಾಮರ ಬಿಡುಗಡೆಯ ಘೋಷಣೆ ಜಾರಿ
- 1ರಿಂದ 4 ಜುಲೈ 1863: ಗೆಟಿಸ್‌ಬರ್ಗ್ ಕದನ, ವಿಕ್ಸ್‌ಬರ್ಗ್ ಶರಣು
- ಸೆಪ್ಟೆಂಬರ್ 1864: ಅಟ್ಲಾಂಟಾ ಉತ್ತರದವರ ಕೈಗೆ
- 9 ಏಪ್ರಿಲ್ 1865: ಅಪೊಮ್ಯಾಟಕ್ಸ್‌ನಲ್ಲಿ ಉತ್ತರದ ಜನರಲ್ ಗ್ರ್ಯಾಂಟ್‌ಗೆ ದಕ್ಷಿಣದ ಜನರಲ್ ಲೀ ಶರಣು
- 14 ಏಪ್ರಿಲ್ 1865: ಲಿಂಕನ್‌ಗೆ ಗುಂಡು
- ಡಿಸೆಂಬರ್ 1865: 13ನೇ ತಿದ್ದುಪಡಿ, ದೇಶದುದ್ದಕ್ಕೂ ಗುಲಾಮಗಿರಿ ರದ್ದು

ಇನ್ನು ನಕ್ಷೆ. ಅದರಲ್ಲಿ ಮೂರು ಬಣ್ಣ ಬೇಕು. ಹೊರಹೋದ ಹನ್ನೊಂದು ರಾಜ್ಯಗಳಿಗೆ ಒಂದು, ಉತ್ತರದ ರಾಜ್ಯಗಳಿಗೆ ಒಂದು. ಮೂರನೆಯದು ಮಿಸೌರಿ, ಕೆಂಟಕಿ, ಮೇರಿಲ್ಯಾಂಡ್, ಡೆಲಾವೇರ್‌ಗೆ. ಈ ನಾಲ್ಕರಲ್ಲೂ ಗುಲಾಮಗಿರಿ ಇತ್ತು, ಆದರೂ ಒಕ್ಕೂಟ ಬಿಡಲಿಲ್ಲ. ಲಿಂಕನ್ ಎಷ್ಟೋ ಸಲ ಅಳೆದು ತೂಗಿ ಮಾತಾಡಿದ್ದು ಈ ನಾಲ್ಕು ಕೈಬಿಟ್ಟು ಹೋಗಬಾರದು ಅಂತ.

ಎರಡು ರಾಜಧಾನಿಗಳಿಗೂ ಗುರುತು ಹಾಕಿ. ಉತ್ತರದ ವಾಷಿಂಗ್ಟನ್ನಿಗೂ ದಕ್ಷಿಣದ ರಿಚ್‌ಮಂಡಿಗೂ ನಡುವೆ ಸುಮಾರು 160 ಕಿಲೋಮೀಟರ್ ಅಷ್ಟೇ. ನಾಲ್ಕು ವರ್ಷ ಆ ಪಟ್ಟಿಯಲ್ಲೇ ಹಿಂದೆ ಮುಂದೆ ಓಡಾಟ ನಡೆಯಿತು. ಪತ್ರಿಕೆಗಳ ಕಣ್ಣೂ ಅಲ್ಲೇ ಇತ್ತು, ಈಗಿನ ಓದುಗರ ಕಣ್ಣೂ ಅಲ್ಲೇ. ಆದರೆ ದಕ್ಷಿಣದ ಬೆನ್ನು ಮುರಿದದ್ದು ಜಾಸ್ತಿ ಪಶ್ಚಿಮದಲ್ಲಿ, ಮಿಸಿಸಿಪ್ಪಿ ನದಿಯ ಉದ್ದಕ್ಕೆ. 1862ರ ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್ ಬಿತ್ತು. 1863ರ ಜುಲೈನಲ್ಲಿ ವಿಕ್ಸ್‌ಬರ್ಗ್ ಬಿತ್ತು. ಅಲ್ಲಿಗೆ ದಕ್ಷಿಣ ಎರಡು ಹೋಳಾಯಿತು. ಬೆರಳಿಟ್ಟು ನದಿಯ ಗುಂಟ ಎಳೆದರೆ ಇದು ಐದು ನಿಮಿಷದಲ್ಲಿ ಅರ್ಥವಾಗುತ್ತದೆ.

2. ಒಂದೇ ಒಂದು ಸಮಗ್ರ ಪುಸ್ತಕ

ಒಂದೇ ಸಂಪುಟದಲ್ಲಿ ಇಡೀ ಯುದ್ಧದ ಕಥೆ ಹೇಳುವ ಪುಸ್ತಕ ಆರಿಸಿಕೊಳ್ಳಿ. ಕಳೆದ ನಲವತ್ತು ವರ್ಷದೊಳಗೆ ಬಂದದ್ದಾದರೆ ಒಳ್ಳೆಯದು. ಹೊಸದೆಲ್ಲ ಚೆನ್ನ ಅಂತ ಅಲ್ಲ, ಹಳೆಯ ಎಷ್ಟೋ ಪುಸ್ತಕಗಳಲ್ಲಿ ಗುಲಾಮರು ಬರುವುದೇ ಇಲ್ಲ ಅಂತ. ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ನಿಂತೇ ಇದನ್ನು ಪರೀಕ್ಷೆ ಮಾಡಬಹುದು. ಕೊನೆಯ ಪದಸೂಚಿ ತೆರೆಯಿರಿ. ಜನರಲ್ ಲೀ ಹೆಸರಿನ ಕೆಳಗೆ ಎಷ್ಟು ಸಾಲಿದೆ, ಗುಲಾಮಗಿರಿ ಅನ್ನುವುದರ ಕೆಳಗೆ ಎಷ್ಟಿದೆ ನೋಡಿ. 1860ರ ಜನಗಣತಿ ಪ್ರಕಾರ ಅಮೆರಿಕದ 3.1 ಕೋಟಿ ಜನರಲ್ಲಿ ಸುಮಾರು 40 ಲಕ್ಷ ಮಂದಿ ಗುಲಾಮರು. ಹೊರಹೋದ ಹನ್ನೊಂದು ರಾಜ್ಯಗಳಲ್ಲಿ ಸರಿಸುಮಾರು ಹತ್ತರಲ್ಲಿ ನಾಲ್ವರು. ಅವರಿಲ್ಲದ ಚರಿತ್ರೆ ಏನು ಚರಿತ್ರೆ ಹೇಳಿ?

ಯುದ್ಧ ಶುರುವಾಗುವ ಮುಂಚಿನ ಅಧ್ಯಾಯಗಳನ್ನು ಹಾರಿಸಬೇಡಿ. ಎಲ್ಲರೂ ಹಾರಿಸುವುದು ಅವನ್ನೇ. ಓಡಿಹೋದ ಗುಲಾಮರನ್ನು ಹಿಡಿದುಕೊಡಬೇಕು ಎಂದ 1850ರ ಕಾಯಿದೆ, ಗುಲಾಮಗಿರಿ ಬೇಕೋ ಬೇಡವೋ ಅಂತ 1854ರಲ್ಲಿ ಶುರುವಾದ ಕಾನ್ಸಸ್ ಗಲಾಟೆ, ಕಪ್ಪು ಜನ ಈ ದೇಶದ ಪ್ರಜೆಗಳಾಗಲು ಸಾಧ್ಯವಿಲ್ಲ ಎಂದ 1857ರ ಡ್ರೆಡ್ ಸ್ಕಾಟ್ ತೀರ್ಪು, 1859ರಲ್ಲಿ ಹಾರ್ಪರ್ಸ್ ಫೆರಿಯ ಸರ್ಕಾರಿ ಶಸ್ತ್ರಾಗಾರದ ಮೇಲೆ ಗುಲಾಮಗಿರಿಯ ಕಡು ವಿರೋಧಿ ಜಾನ್ ಬ್ರೌನ್ ಮಾಡಿದ ದಾಳಿ. ಈ ನಾಲ್ಕು ತಲೆಯಲ್ಲಿ ಕೂತರೆ ಮುಂದಿನದು ಸಲೀಸು.

3. ಕಾರಣ ಬೇಕಾದರೆ 1860-61ರ ಕಾಗದ ಓದಿ

ಯುದ್ಧ ನಡೆದದ್ದು ಗುಲಾಮಗಿರಿಗಾಗಿ ಅಲ್ಲ, ರಾಜ್ಯಗಳ ಹಕ್ಕಿಗಾಗಿ ಅನ್ನುವ ವಾದ ನಿಮಗೆ ಎದುರಾಗಿಯೇ ಆಗುತ್ತದೆ. ವಾದಕ್ಕೆ ಇಳಿಯಬೇಡಿ. ಹೊರಟವರು ಹೊರಡುವ ಹೊತ್ತಿಗೆ ಏನು ಬರೆದಿಟ್ಟರು ಅಂತ ಓದಿ. ಸೌತ್ ಕೆರೊಲಿನಾ, ಮಿಸಿಸಿಪ್ಪಿ, ಜಾರ್ಜಿಯಾ, ಟೆಕ್ಸಾಸ್, ಈ ನಾಲ್ಕೂ ತಮ್ಮ ಕಾರಣಗಳನ್ನು ವಿವರವಾಗಿ ಬರೆದು ಪ್ರಕಟಿಸಿದವು. ಯೇಲ್ ವಿಶ್ವವಿದ್ಯಾಲಯದ ಅವಲಾನ್ ಅನ್ನುವ ತಾಣದಲ್ಲಿ ನಾಲ್ಕೂ ಪುಕ್ಕಟೆ ಸಿಗುತ್ತವೆ. ಎಲ್ಲ ಸೇರಿದರೂ ಒಂದು ಭಾನುವಾರದ ಮಧ್ಯಾಹ್ನ ಸಾಕು.

ಮಿಸಿಸಿಪ್ಪಿಯವರು ಸುತ್ತುಬಳಸು ಮಾಡುವುದೇ ಇಲ್ಲ. ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಒಂದಾಗಿದೆ ಅಂತ ಶುರುವಿನಲ್ಲೇ ಹೇಳಿಬಿಡುತ್ತಾರೆ. ಸೌತ್ ಕೆರೊಲಿನಾದ್ದು ಇನ್ನೂ ಸ್ವಾರಸ್ಯ. ಅವರ ದೂರು ಏನು ಗೊತ್ತಾ? ಉತ್ತರದ ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡು ಓಡಿಬಂದ ಗುಲಾಮರನ್ನು ವಾಪಸ್ ಕೊಡುತ್ತಿಲ್ಲ. ನ್ಯೂಯಾರ್ಕಿನ ಕೋರ್ಟುಗಳಂತೂ ಗುಲಾಮರನ್ನು ಆ ರಾಜ್ಯದ ಮೂಲಕ ಕರೆದೊಯ್ಯುವುದಕ್ಕೂ ಬಿಡುತ್ತಿಲ್ಲ. ಅಂದರೆ ಉತ್ತರದ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ಇವರಿಗೆ ತಪ್ಪಾಗಿ ಕಂಡಿತ್ತು!

ಇದಾದ ಮೇಲೆ ಅಲೆಕ್ಸಾಂಡರ್ ಸ್ಟೀಫನ್ಸ್ ಹತ್ತಿರ ಬನ್ನಿ. ದಕ್ಷಿಣದ ಒಕ್ಕೂಟಕ್ಕೆ ಆತ ಉಪಾಧ್ಯಕ್ಷ. 21 ಮಾರ್ಚ್ 1861ರಂದು ಸವಾನಾ ಊರಿನಲ್ಲಿ ಭಾಷಣ ಮಾಡುತ್ತಾ, ಈ ಒಡಕಿಗೆ ನೇರ ಕಾರಣ ಗುಲಾಮಗಿರಿಯ ಪ್ರಶ್ನೆ ಅಂದ. ಕರಿಯ ಬಿಳಿಯನಿಗೆ ಸಮನಲ್ಲ ಅನ್ನುವುದೇ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಅಂತಲೂ ಅಂದ. ಜನ ಚಪ್ಪಾಳೆ ತಟ್ಟಿದರು. ಯುದ್ಧ ಸೋತ ಮೇಲೆ ಇದೇ ಮನುಷ್ಯ ಎರಡು ದಪ್ಪ ಸಂಪುಟ ಬರೆದ. ಮೊದಲನೆಯದು 1868ರಲ್ಲಿ, ಎರಡನೆಯದು 1870ರಲ್ಲಿ. ಅದರಲ್ಲಿ ಗುಲಾಮಗಿರಿ ಬರೀ ನೆಪ ಆಗಿಬಿಟ್ಟಿದೆ. ಜಗಳವೆಲ್ಲ ಕೇಂದ್ರದ ಅಧಿಕಾರ ಎಷ್ಟು, ರಾಜ್ಯಗಳದ್ದೆಷ್ಟು ಅನ್ನುವುದರ ಮೇಲಂತೆ.

ಮನುಷ್ಯ ಒಬ್ಬನೇ. ನಡುವೆ ಏಳು ವರ್ಷ, ಒಂದು ಸೋಲು. ಭಾಷಣವನ್ನೂ ಪುಸ್ತಕದ ಪೀಠಿಕೆಯನ್ನೂ ಒಂದೇ ದಿನ ಓದಿ ನೋಡಿ. ತಾರೀಖು ಯಾಕೆ ಮುಖ್ಯ ಅಂತ ನಾನು ಮತ್ತೆ ಹೇಳಬೇಕಾಗಿಲ್ಲ.

ಒಂದು ಎಚ್ಚರ. ದಕ್ಷಿಣ ಯಾಕೆ ಹೊರಹೋಯಿತು ಅನ್ನುವುದು ಒಂದು ಪ್ರಶ್ನೆ. ಉತ್ತರ ಯಾಕೆ ಹೋರಾಡಿತು ಅನ್ನುವುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಗುಲಾಮಗಿರಿ ಅಂತ ಜವಾಬು ಸಿಕ್ಕ ಕೂಡಲೇ, ಉತ್ತರದವರು ಗುಲಾಮರನ್ನು ಬಿಡಿಸುವುದಕ್ಕೇ ಹೊರಟರು ಅಂತ ಅಂದುಕೊಳ್ಳಬೇಡಿ. 4 ಮಾರ್ಚ್ 1861ರ ಮೊದಲ ಭಾಷಣದಲ್ಲೇ ಲಿಂಕನ್, ಗುಲಾಮಗಿರಿ ಇರುವ ರಾಜ್ಯಗಳಲ್ಲಿ ನಾನು ಅದರ ತಂಟೆಗೆ ಹೋಗುವುದಿಲ್ಲ ಅಂದಿದ್ದರು. ಉತ್ತರದ ಗುರಿ ಬದಲಾದದ್ದು ಯುದ್ಧದ ದಾರಿಯಲ್ಲಿ.

4. ಲಿಂಕನ್‌ರ ಒಂದು ಪತ್ರವನ್ನು ನಿಧಾನವಾಗಿ ಓದಿ

ಆ ಬದಲಾವಣೆಯನ್ನು ಹತ್ತಿರದಿಂದ ನೋಡಲು ಒಂದು ಪುಟ್ಟ ಪತ್ರ ಸಾಕು. 'ನ್ಯೂಯಾರ್ಕ್ ಟ್ರಿಬ್ಯೂನ್' ಸಂಪಾದಕ ಹೊರೇಸ್ ಗ್ರೀಲಿಗೆ ಲಿಂಕನ್ ಬರೆದದ್ದು. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಸಬಹುದಾದರೆ ಹಾಗೆ ಮಾಡುತ್ತೇನೆ, ಎಲ್ಲರನ್ನೂ ಬಿಡಿಸಿ ಉಳಿಸಬಹುದಾದರೆ ಹಾಗೆ, ಕೆಲವರನ್ನು ಬಿಡಿಸಿ ಕೆಲವರನ್ನು ಬಿಟ್ಟು ಉಳಿಸಬಹುದಾದರೆ ಅದನ್ನೂ ಮಾಡುತ್ತೇನೆ ಅನ್ನುವ ಅರ್ಥದ ಮಾತು ಅದರಲ್ಲಿದೆ. ಲಿಂಕನ್‌ಗೆ ಗುಲಾಮರ ಬಗ್ಗೆ ಕಾಳಜಿಯೇ ಇರಲಿಲ್ಲ ಅಂತ ಸಾಧಿಸುವವರು ತೋರಿಸುವುದು ಇದನ್ನೇ.

ಪತ್ರದ ತಾರೀಖು 22 ಆಗಸ್ಟ್ 1862. ಈಗ ಅದಕ್ಕೆ ಸರಿಯಾಗಿ ಒಂದು ತಿಂಗಳು ಹಿಂದೆ ಹೋಗಿ. ಜುಲೈ 22ರಂದು ಲಿಂಕನ್ ಬಿಡುಗಡೆ ಘೋಷಣೆಯ ಕರಡನ್ನು ತಮ್ಮ ಮಂತ್ರಿಮಂಡಲಕ್ಕೆ ಓದಿ ಹೇಳಿದ್ದರು. ಈಗಲೇ ಬೇಡ, ಒಂದು ಗೆಲುವು ಸಿಗಲಿ, ಇಲ್ಲದಿದ್ದರೆ ಕೈಲಾಗದವರ ಕೊನೆಯ ಆಟದಂತೆ ಕಾಣುತ್ತದೆ ಅಂತ ವಿದೇಶಾಂಗ ಮಂತ್ರಿ ಸೂವಾರ್ಡ್ ಸಲಹೆ ಕೊಟ್ಟರು. ಲಿಂಕನ್ ಕರಡನ್ನು ಎತ್ತಿಟ್ಟರು. ಅಂದರೆ ಗ್ರೀಲಿಗೆ ಪತ್ರ ಬರೆಯುವಾಗ ಘೋಷಣೆ ಆಗಲೇ ತಯಾರಾಗಿತ್ತು! ಇನ್ನು ಒಂದು ತಿಂಗಳು ಮುಂದಕ್ಕೆ ಹೋಗಿ. ಸೆಪ್ಟೆಂಬರ್ 17ಕ್ಕೆ ಆಂಟೀಟಮ್‌ನಲ್ಲಿ ಗೆಲುವು ಅನ್ನಬಹುದಾದದ್ದು ಸಿಕ್ಕಿತು. ಐದೇ ದಿನಕ್ಕೆ, ಸೆಪ್ಟೆಂಬರ್ 22ಕ್ಕೆ ಪ್ರಾಥಮಿಕ ಘೋಷಣೆ ಹೊರಬಿತ್ತು.

ಹಾಗಾದರೆ ಆ ಪತ್ರ ಏನು? ಮುಂದೆ ಬರುವ ಸುದ್ದಿಗೆ ಜನರ ಮನಸ್ಸು ಹದ ಮಾಡುವ ಕೆಲಸ ಅಂತ ನನ್ನ ಓದು. ಬಿಡುಗಡೆ ಬೇಡ ಅನ್ನುವವರಿಗೂ ಇದು ಒಕ್ಕೂಟ ಉಳಿಸುವುದಕ್ಕೆ ಅಂತ ಹೇಳಬೇಕಿತ್ತಲ್ಲ. ನೀವು ಬೇರೆ ಥರ ಓದಬಹುದು. ಆದರೆ ಪತ್ರದ ಕೊನೆಯ ಸಾಲು ಬಿಡಬೇಡಿ. ಎಲ್ಲ ಕಡೆ ಎಲ್ಲ ಮನುಷ್ಯರೂ ಸ್ವತಂತ್ರರಾಗಬೇಕೆಂಬ ನನ್ನ ಸ್ವಂತ ಆಸೆಯಲ್ಲಿ ಬದಲಾವಣೆಯಿಲ್ಲ ಅಂತ ಅವರು ಅಲ್ಲಿ ಬರೆದಿದ್ದಾರೆ. ಪತ್ರ ಉದ್ಧರಿಸುವವರು ಈ ಸಾಲನ್ನು ಮಾತ್ರ ಎಷ್ಟು ಸಲೀಸಾಗಿ ಮರೆಯುತ್ತಾರೆ ಅಂತ ಗಮನಿಸಿ.

ಘೋಷಣೆಯನ್ನೂ ಪೂರ್ತಿ ಓದಿ. ಅದು ಬಂಡೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸಿತು. ಆ ನಾಲ್ಕು ಗಡಿ ರಾಜ್ಯಗಳ ಗುಲಾಮರು ಅದರಲ್ಲಿ ಸೇರಿರಲಿಲ್ಲ. ನಕ್ಷೆಯ ಮೂರನೇ ಬಣ್ಣ ಇಲ್ಲಿ ಕೆಲಸಕ್ಕೆ ಬರುತ್ತದೆ.

5. ಕದನಗಳು: ಹೆಸರು ಎರಡು, ಲೆಕ್ಕ ಹಲವು

ಎಲ್ಲ ಕದನ ಓದುವ ಅಗತ್ಯವಿಲ್ಲ. ಒಂದನ್ನು ವಿವರವಾಗಿ ಓದಿ, ಉಳಿದದ್ದರ ಫಲಿತಾಂಶ ತಿಳಿದುಕೊಂಡರೆ ಸಾಕು. ನನ್ನ ಕೇಳಿದರೆ ಗೆಟಿಸ್‌ಬರ್ಗ್ ಬೇಡ, ಆಂಟೀಟಮ್ ಆರಿಸಿ. ಒಂದೇ ದಿನದ ಕದನ, ಚಿಕ್ಕ ಜಾಗ. ಅದರ ರಾಜಕೀಯ ಪರಿಣಾಮ ಏನು ಅಂತ ಮೇಲೇ ನೋಡಿದಿರಿ.

ಕದನಗಳಿಗೆ ಎರಡೆರಡು ಹೆಸರಿರುವುದು ಹೊಸಬರನ್ನು ಸತಾಯಿಸುತ್ತದೆ. ಉತ್ತರದವರು ಸಾಮಾನ್ಯವಾಗಿ ಪಕ್ಕದ ಹಳ್ಳ ಹೊಳೆಯ ಹೆಸರಿಟ್ಟರು, ದಕ್ಷಿಣದವರು ಊರಿನ ಹೆಸರಿಟ್ಟರು. ಆಂಟೀಟಮ್ ಅಂದರೂ ಶಾರ್ಪ್ಸ್‌ಬರ್ಗ್ ಅಂದರೂ ಒಂದೇ. ಬುಲ್ ರನ್, ಮನಾಸಸ್ ಕೂಡ ಒಂದೇ. ಮನುಷ್ಯರ ಹೆಸರಿನಲ್ಲೂ ಹುಷಾರು. ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್. ಉತ್ತರದ ಸೈನ್ಯದಲ್ಲೂ ಜೆಫರ್ಸನ್ ಡೇವಿಸ್ ಅನ್ನುವ ಒಬ್ಬ ಜನರಲ್ ಇದ್ದ. ಸುಮ್ನೆ ಓದುತ್ತಾ ಹೋದರೆ ಅಧ್ಯಕ್ಷನೇ ಪಕ್ಷ ಬದಲಿಸಿದ ಹಾಗೆ ಕಾಣುತ್ತದೆ.

ಸಂಖ್ಯೆ ಓದುವಾಗ ನಿಲ್ಲಿ. ಆಂಟೀಟಮ್‌ನಲ್ಲಿ ಸುಮಾರು 23,000 ಅಂತ ಬರೆದಿರುತ್ತಾರೆ. ಅದು ಸತ್ತವರ ಲೆಕ್ಕವಲ್ಲ. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಸೇರಿದ್ದು. ಕನ್ನಡದಲ್ಲಿ ಬರೆಯುವವರು ಇದನ್ನು ಎಷ್ಟೋ ಸಲ "23 ಸಾವಿರ ಮಂದಿ ಹತರಾದರು" ಅಂತ ಮಾಡಿಬಿಡುತ್ತಾರೆ.

ಇಡೀ ಯುದ್ಧದ ಸಾವಿನ ಲೆಕ್ಕಕ್ಕೂ ತಾರೀಖು ಇದೆ. 19ನೇ ಶತಮಾನದ ಕೊನೆಯಲ್ಲಿ ಉತ್ತರದ ಮಾಜಿ ಯೋಧರು ದಾಖಲೆ ಜಾಲಾಡಿ ಕೊಟ್ಟ ಲೆಕ್ಕ ಸುಮಾರು 6.2 ಲಕ್ಷ. ದಕ್ಷಿಣದ ದಾಖಲೆಗಳು ಅರೆಬರೆಯಾಗಿದ್ದವು. 2011ರಲ್ಲಿ ಡೇವಿಡ್ ಹ್ಯಾಕರ್ ಎಂಬ ಇತಿಹಾಸಕಾರ ಹಳೆಯ ಜನಗಣತಿಗಳನ್ನು ಹೋಲಿಸಿ, ಸುಮಾರು 7.5 ಲಕ್ಷ ಇರಬಹುದು ಅಂದರು. 2024ರ ಮತ್ತೊಂದು ಅಧ್ಯಯನ 7 ಲಕ್ಷದ ಹತ್ತಿರ ಬಂತು. ಸತ್ತವರಲ್ಲಿ ಬಹುಪಾಲು ಗುಂಡಿಗಲ್ಲ, ಭೇದಿ, ವಿಷಮಶೀತ ಜ್ವರದಂಥ ಕಾಯಿಲೆಗಳಿಗೆ. ಕದನದ ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಹಾಗಾಗಿ ಸೈನ್ಯದ ಆಸ್ಪತ್ರೆಗಳ ಬಗ್ಗೆ ಒಂದು ಅಧ್ಯಾಯವನ್ನಾದರೂ ಹುಡುಕಿ ಓದಿ.

ವಾಷಿಂಗ್ಟನ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಒಂದು ಮಾತು. ಊರಿಂದ ಅಪ್ಪ ಅಮ್ಮ ಬಂದರೆ ನಯಾಗರಾ, ನ್ಯೂಯಾರ್ಕ್ ಆಗಿಯೇ ಆಗುತ್ತದೆ. ಮನಾಸಸ್ ರಣಭೂಮಿ ಎಷ್ಟೋ ಜನರ ಮನೆಯಿಂದ ಅರ್ಧ ಗಂಟೆಯ ದಾರಿ. ಆ ಏರುತಗ್ಗಿನಲ್ಲಿ ನಿಂತರೆ ನಕ್ಷೆಯ ಗೆರೆಗಳು ಕಾಲಿಗೆ ತಿಳಿಯುತ್ತವೆ.

6. ಫೋಟೋವನ್ನೂ ಓದಬೇಕು

ಗೆಟಿಸ್‌ಬರ್ಗ್‌ನ ಒಂದು ಪ್ರಸಿದ್ಧ ಫೋಟೋ ಇದೆ. ಎರಡು ಬಂಡೆಗಳ ನಡುವೆ ಕಲ್ಲು ಪೇರಿಸಿದ ಗೋಡೆ. ಅದರ ಹಿಂದೆ ಸತ್ತು ಮಲಗಿದ ದಕ್ಷಿಣದ ಹುಡುಗ. ಗೋಡೆಗೆ ಒರಗಿಸಿದ ಬಂದೂಕು. ಅಲೆಕ್ಸಾಂಡರ್ ಗಾರ್ಡ್ನರ್‌ನ ತಂಡ 1863ರ ಜುಲೈನಲ್ಲಿ ತೆಗೆದದ್ದು. ಅಡಗಿ ಕೂತು ಗುರಿಯಿಟ್ಟು ಹೊಡೆಯುತ್ತಿದ್ದವನ ಕೊನೆ ಇದು ಅಂತ ಗಾರ್ಡ್ನರ್ 1866ರಲ್ಲಿ ವಿವರಣೆ ಬರೆದ. 1863ರ ನವೆಂಬರ್‌ನಲ್ಲಿ ಮತ್ತೆ ಹೋದಾಗ ಮೂಳೆಯೂ ಬಂದೂಕೂ ಅಲ್ಲೇ ಇದ್ದವು ಅಂತಲೂ ಸೇರಿಸಿದ.

ನೂರು ವರ್ಷಕ್ಕೂ ಹೆಚ್ಚು ಕಾಲ ಜನ ಅದನ್ನು ನಂಬಿದರು. 1970ರ ದಶಕದಲ್ಲಿ ವಿಲಿಯಂ ಫ್ರಾಸನಿಟೊ ಎಂಬ ಸಂಶೋಧಕ ಅದೇ ದಿನಗಳ ಬೇರೆ ಫೋಟೋಗಳನ್ನು ಪಕ್ಕದಲ್ಲಿಟ್ಟು ನೋಡಿದರು. ಅದೇ ಹುಡುಗ ಇಳಿಜಾರಿನ ಬೇರೊಂದು ಕಡೆ ಬಿದ್ದಿದ್ದ. ಫೋಟೋ ತೆಗೆಯುವವರು ಹೆಣವನ್ನು ಎತ್ತಿಕೊಂಡು ಬಂದು ಬಂಡೆಗಳ ನಡುವೆ ಇಟ್ಟಿದ್ದರು. ಆ ಬಂದೂಕೂ ಗುರಿಕಾರರು ಬಳಸುವಂಥದ್ದಲ್ಲ, ಸಾಮಾನ್ಯ ಸಿಪಾಯಿಯದು. ಇನ್ನು ಗೆಟಿಸ್‌ಬರ್ಗ್‌ನಂಥ ಕಡೆ ನಾಲ್ಕು ತಿಂಗಳು ಹೆಣ ಮಣ್ಣಾಗದೆ, ಬಂದೂಕು ಕಳುವಾಗದೆ ಉಳಿಯುವುದುಂಟಾ?

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಈ ಫೋಟೋಗಳು ದೊಡ್ಡ ಗಾತ್ರದಲ್ಲಿ ಪುಕ್ಕಟೆ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕ ತೆರೆದು ನೋಡಿ. ಆಗಿನ ಕ್ಯಾಮೆರಾಕ್ಕೆ ಓಡುವ ವಸ್ತು ಹಿಡಿಯಲು ಆಗುತ್ತಿರಲಿಲ್ಲ. ಕದನ ನಡೆಯುತ್ತಿರುವ ಹಾಗಿನ ಚಿತ್ರ ಕಂಡರೆ ಅದು ಕಲಾವಿದ ಬರೆದದ್ದು ಅಂತಲೇ ತಿಳಿಯಿರಿ.

7. ದಿನಚರಿ, ಕಾಗದ, ನೆನಪು

ಸಿಪಾಯಿಗಳ ಕಾಗದ ಓದಲು ಬಹಳ ಚೆನ್ನಾಗಿರುತ್ತವೆ. ಓದು ಬರಹ ಬಲ್ಲ ಸೈನ್ಯ, ಕಾಗದ ಒಡೆದು ನೋಡುವ ಅಧಿಕಾರಿಗಳೂ ಇರಲಿಲ್ಲ. ಮನಸ್ಸಿಗೆ ಬಂದದ್ದು ಬರೆದಿದ್ದಾರೆ.

ದಿನಚರಿ ಅಂದ ಕೂಡಲೇ ನಂಬಬೇಡಿ. ದಕ್ಷಿಣದ ಮೇರಿ ಚೆಸ್ನಟ್‌ಳ ದಿನಚರಿಗೆ ದೊಡ್ಡ ಹೆಸರು. ಗಂಡ ಜೆಫರ್ಸನ್ ಡೇವಿಸ್‌ಗೆ ಹತ್ತಿರದವನು, ಹಾಗಾಗಿ ಎಲ್ಲ ದೊಡ್ಡವರೂ ಅದರಲ್ಲಿ ಬರುತ್ತಾರೆ. ಆದರೆ 1905ರಲ್ಲಿ ಅಚ್ಚಾದದ್ದು ಯುದ್ಧದ ದಿನಗಳ ಮೂಲ ಪುಟಗಳಲ್ಲ. 1880ರ ದಶಕದಲ್ಲಿ ಆಕೆ ಕೂತು ತಿದ್ದಿ, ಹಿಗ್ಗಿಸಿ, ಹೊಸದಾಗಿ ಬರೆದದ್ದು. ಸಾಹಿತ್ಯವಾಗಿ ಸೊಗಸು. ಆ ದಿನವೇ ಹೇಳಿದ ಮಾತು ಅಂತ ಉದ್ಧರಿಸಿದರೆ ಕೆಟ್ಟಿತು.

ಗ್ರ್ಯಾಂಟ್‌ರ ಆತ್ಮಕಥೆ ಓದಿ. ಗಂಟಲ ಕ್ಯಾನ್ಸರ್ ಇಟ್ಟುಕೊಂಡು, ಸಾಲದಲ್ಲಿ ಮುಳುಗಿದ ಸಂಸಾರಕ್ಕೆ ನಾಲ್ಕು ಕಾಸಾಗಲಿ ಅಂತ ಬರೆದು, 1885ರ ಜುಲೈನಲ್ಲಿ ಸಾಯುವ ಕೆಲವೇ ದಿನ ಮುಂಚೆ ಮುಗಿಸಿದರು. ಭಾಷೆ ನೀರಿನಷ್ಟು ಸರಳ. ಆದರೆ 1862ರ ಶೈಲೋ ಕದನದ ಭಾಗ ಬಂದಾಗ ಪೆನ್ಸಿಲ್ ಹಿಡಿಯಿರಿ. ಅಲ್ಲಿ ಅವರು ಮೈಮರೆತು ಕೂತಿದ್ದರು ಅನ್ನುವ ಆರೋಪವಿತ್ತು. ಇಪ್ಪತ್ತಮೂರು ವರ್ಷದ ನಂತರ ಅದಕ್ಕೆ ಉತ್ತರ ಕೊಡುತ್ತಿದ್ದಾರೆ.

ಗುಲಾಮರಾಗಿದ್ದವರ ಮಾತು ಹುಡುಕುವುದು ಕಷ್ಟ. ದಕ್ಷಿಣದ ಬಹುತೇಕ ರಾಜ್ಯಗಳಲ್ಲಿ ಅವರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಓಡಿಬಂದು ಬರೆದ ಫ್ರೆಡೆರಿಕ್ ಡಗ್ಲಸ್‌ರ ಆತ್ಮಕಥೆಯಿಂದ ಶುರು ಮಾಡಿ. 1845ರದ್ದು, ತೆಳ್ಳಗಿನ ಪುಸ್ತಕ. ಆಮೇಲೆ 1936-38ರಲ್ಲಿ ಸರ್ಕಾರ ಬದುಕಿದ್ದ ಮಾಜಿ ಗುಲಾಮರನ್ನು ಮಾತಾಡಿಸಿ ದಾಖಲಿಸಿದ 2,300ಕ್ಕೂ ಹೆಚ್ಚು ಸಂದರ್ಶನಗಳಿವೆ. ಇಲ್ಲಿ ಯಾವಾಗ ಅನ್ನುವುದರ ಜೊತೆ ಕೇಳಿದವರು ಯಾರು ಅಂತಲೂ ನೋಡಬೇಕು. ಚಾರ್ಲ್ಸ್‌ಟನ್‌ನ ಒಬ್ಬ ಅಜ್ಜಿಯನ್ನು ಒಮ್ಮೆ ಬಿಳಿ ಹೆಂಗಸೊಬ್ಬಳು ಕೇಳಿದಳು. ನಮ್ಮ ಯಜಮಾನ ಒಳ್ಳೆಯವನು ಅಂದಳು ಅಜ್ಜಿ. ಇನ್ನೊಮ್ಮೆ ಕಪ್ಪು ಮನುಷ್ಯನೊಬ್ಬ ಕೇಳಿದಾಗ ಚಾಟಿಯೇಟು, ಮಕ್ಕಳನ್ನು ಮಾರಿದಾಗಿನ ಗೋಳು ಎಲ್ಲ ಹೊರಬಂತು.

8. 1865ಕ್ಕೆ ಪುಸ್ತಕ ಮುಚ್ಚಬೇಡಿ

ಕನಿಷ್ಠ 1877ರವರೆಗೆ ಓದಿ. ಪೌರತ್ವದ 14ನೇ ತಿದ್ದುಪಡಿ 1868, ಮತದಾನದ 15ನೇ ತಿದ್ದುಪಡಿ 1870. ಆಮೇಲೆ 1877ರ ಹೊತ್ತಿಗೆ ಕೇಂದ್ರ ಸೈನ್ಯ ದಕ್ಷಿಣದಲ್ಲಿ ಹಿಂದೆ ಸರಿಯಿತು, ಗೆದ್ದದ್ದರಲ್ಲಿ ಬಹಳಷ್ಟು ಕೈಜಾರಿತು. ಲೀ ಸತ್ತದ್ದು 1870ರಲ್ಲಿ. ರಿಚ್‌ಮಂಡಿನಲ್ಲಿ ಅವರ ದೊಡ್ಡ ಪ್ರತಿಮೆ ಎದ್ದದ್ದು 1890ರಲ್ಲಿ, ಕೆಳಗಿಳಿದದ್ದು 2021ರಲ್ಲಿ. ಷಾರ್ಲಟ್ಸ್‌ವಿಲ್‌ನಲ್ಲಿ ಅವರ ಪ್ರತಿಮೆ ಎದ್ದದ್ದು 1924ರಲ್ಲಿ, ಅದೂ 2021ರಲ್ಲೇ ಕೆಳಗಿಳಿಯಿತು. ಪ್ರತಿಮೆಯ ಪೀಠದ ಮೇಲಿನ ವರ್ಷ ಯುದ್ಧದ ಬಗ್ಗೆ ಹೇಳುವುದಕ್ಕಿಂತ ಆ ವರ್ಷದ ಬಗ್ಗೆ ಜಾಸ್ತಿ ಹೇಳುತ್ತದೆ.

9. ಧಾರವಾಡದ ಹತ್ತಿ

ಇಷ್ಟಾದ ಮೇಲೆ ನಮ್ಮ ಕಡೆಯಿಂದ ಒಂದು ಎಳೆ ಹಿಡಿಯಿರಿ. ಬ್ರಿಟನ್ನಿನ ಗಿರಣಿಗಳಿಗೆ ಹತ್ತಿ ಬರುತ್ತಿದ್ದದ್ದು ಬಹುಪಾಲು ಅಮೆರಿಕದ ದಕ್ಷಿಣದಿಂದ. ಲಿಂಕನ್ ಸರ್ಕಾರದ ಹಡಗುಗಳು ಬಂದರುಗಳನ್ನು ಮುಚ್ಚಿದವು, ಹತ್ತಿ ನಿಂತಿತು. ಲ್ಯಾಂಕಶೈರ್‌ನಲ್ಲಿ ಮಗ್ಗಗಳು ಸುಮ್ಮನಾದವು. ಎಲ್ಲರ ಕಣ್ಣು ಹಿಂದುಸ್ತಾನದ ಹತ್ತಿಯ ಮೇಲೆ ಬಿತ್ತು.

ಧಾರವಾಡ ಸೀಮೆಗೆ ಇದು ಹೊಸದೇನಲ್ಲ. 1840ರ ದಶಕದಲ್ಲೇ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಬೀಜ, ಅಲ್ಲಿನ ತೋಟಗಾರರನ್ನು ತರಿಸಿ ಪ್ರಯೋಗ ಮಾಡಿತ್ತು. ಬೇರೆ ಎಷ್ಟೋ ಕಡೆ ಕೈಕೊಟ್ಟ ಆ ಬೀಜ ಧಾರವಾಡದ ಎರೆಹೊಲದಲ್ಲಿ ನಿಂತಿತು. ಯುದ್ಧದ ವರ್ಷಗಳಲ್ಲಿ ಬೆಲೆ ಹಲವು ಪಟ್ಟು ಏರಿತು. ಅಂಡಿಗೆ ತುಂಬಿದ ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರದ ಬಂದರು, ಹತ್ತಿಯ ದಾರಿಯ ಲೆಕ್ಕಾಚಾರವಿತ್ತು. 1865ರಲ್ಲಿ ಲೀ ಶರಣಾದ ಸುದ್ದಿ ಬಂದದ್ದೇ ಬೆಲೆ ಕುಸಿಯಿತು. ಮುಂಬೈಯ ಷೇರುಪೇಟೆಯ ಹುಚ್ಚಾಟವೂ ಅಲ್ಲಿಗೆ ನೆಲಕ್ಕೆ ಬಿತ್ತು.

ಇದನ್ನು ಓದಲು ಹಳೆಯ ಮುಂಬೈ ಪ್ರಾಂತ್ಯದ ಗೆಜೆಟಿಯರ್ ನೋಡಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ. ಧಾರವಾಡದ್ದು 22ನೇ ಸಂಪುಟ, ಕೆನರಾದ್ದು 15ನೆಯದು. ಕೃಷಿ, ವ್ಯಾಪಾರದ ಅಧ್ಯಾಯಗಳಲ್ಲಿ ಹತ್ತಿಯ ವಿಷಯ ಬರುತ್ತದೆ. ಬರೆಸಿದವರು ಬ್ರಿಟಿಷ್ ಅಧಿಕಾರಿಗಳು. ಸಾಲ ಮಾಡಿ ಹೊಲಕ್ಕೆ ಸುರಿದ ರೈತನಿಗೆ ಬೆಲೆ ಬಿದ್ದ ಮೇಲೆ ಏನಾಯಿತು ಅನ್ನುವ ಪ್ರಶ್ನೆ ಇಟ್ಟುಕೊಂಡು ಓದಿ.